ಅಳಲೆಕಾಯಿ ಪಂಡಿತೆ ಮತ್ತು ಅಜ್ಜನ ಪಂಚೆ

ಏಪ್ರಿಲ್ ಕೊನೆಯ ವಾರ. ಒಂದೆರಡು ಅಡ್ಡಮಳೆ ಬಿದ್ದು ನಮ್ಮ ಜೋಯಿಡಾ ಕಡೆಯ ಸಾಗವಾನಿ ಮರಗಳೆಲ್ಲ ಚಿಗುರಿದ್ದವು. ಧಾರವಾಡದಿಂದ ರಜೆಗೆ ಬಂದಿದ್ದ ಮೊಮ್ಮಗಳಿಗೆ ನಾನೇ ಒಂದು ಆಟ ಹೇಳಿಕೊಟ್ಟೆ. ‘ಒಂದು ಎಳೆ ಎಲೆ ಕೊಯ್ದು, ಎರಡು ಅಂಗೈ ನಡುವೆ ಇಟ್ಟು ಗಟ್ಟಿಯಾಗಿ ಉಜ್ಜು’ ಅಂದೆ. ಉಜ್ಜಿದಳು. ಹಸಿರು ಎಲೆಯೊಳಗಿಂದ ರಕ್ತದಂಥ ಕೆಂಪು ಬಂತು. ಅದೇ ಕೈ ಮೇಲೆತ್ತಿಕೊಂಡು ‘ಅಮ್ಮಾ, ಕತ್ತಿ ತಾಗ್ತು!’ ಎಂದು ಕೂಗುತ್ತ ಅಡುಗೆಮನೆಗೆ ಓಡಿದಳು. ಸೊಸೆ ಹೆದರಿ ಕೈಯಲ್ಲಿದ್ದ ಸೌಟು ಬಿಟ್ಟಳು. ಅವಳಿಗೆ ನಗು, ನನಗೆ ಬೈಗುಳ.

ಆಮೇಲೆ ಆ ಕೈಯನ್ನು ಬಿಳಿ ಫ್ರಾಕಿಗೆ ಒರೆಸಿಕೊಂಡಳು. ಸಾಬೂನು ಹಾಕಿ ಉಜ್ಜಿದರೆ ಕೆಂಪು ಹೋಗಿ ಕಂದು ಕಲೆ ಉಳಿಯಿತು. ಎರಡು ದಿನ ಬಿಸಿಲಿಗೆ ಹಾಕಿದರೂ ಹೋಗಲಿಲ್ಲ.

‘ಅಜ್ಜಿ, ಅರಿಸಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗ್ತದೆ. ಇದು ಯಾಕೆ ಹೋಗೂದಿಲ್ಲ?’

ಐದನೆಯ ತರಗತಿ ಮುಗಿಸಿದ ಹುಡುಗಿಯ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವ ಜಾತಿಯವಳಲ್ಲ ನಾನು. ‘ಎಲೆಯ ಬಣ್ಣದಲ್ಲೇ ಬಟ್ಟೆ ಅದ್ದಿ ನೋಡುವ’ ಎಂದುಬಿಟ್ಟೆ. ಅವಳು ಕೂಡಲೇ, ‘ಅಜ್ಜನ ಪಂಚೆ ಕೊಡು. ನನಗೆ ಅದರಲ್ಲಿ ಹೊದಿಕೆ ಬೇಕು’ ಅಂದಳು.

ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಪೆಟ್ಟಿಗೆಯಲ್ಲಿ ಅವರ ಎರಡು ಖಾದಿ ಪಂಚೆಗಳಿವೆ. ಎರಡೂ ಧಾರವಾಡದ ಹತ್ತಿರದ ಗರಗದವು. ರಾಷ್ಟ್ರಧ್ವಜದ ಬಟ್ಟೆ ನೇಯುವ ಊರು ಅದು. ಉಳಿದ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟೆ. ಇವೆರಡನ್ನು ಕೊಡಲು ಕೈ ಬರಲಿಲ್ಲ. ‘ಮೊದಲು ಚಿಂದಿ ಬಟ್ಟೆಯಲ್ಲಿ ಮಾಡಿ ಕಲಿ, ಆಮೇಲೆ ಪಂಚೆ’ ಎಂದು ಮಾತು ಹಾರಿಸಿದೆ.

ಚಿಂದಿಯ ಕಥೆ ಬೇಗ ಮುಗಿಯಿತು. ಅರಿಸಿನ ಕುದಿಸಿ ಹಳೆಯ ದಿಂಬಿನ ಚೀಲ ಅದ್ದಿದೆವು. ಬಂಗಾರದಂಥ ಹಳದಿ! ಸಾಬೂನು ತಾಗಿದ್ದೇ ಕೆಂಪಾಯಿತು, ಜಾಲಿಸಿದರೆ ಮತ್ತೆ ಹಳದಿ, ನಾಲ್ಕು ದಿನದ ಬಿಸಿಲಿಗೆ ಏನೂ ಇಲ್ಲ. ಬೀಟ್‌ರೂಟ್ ಒಂದೇ ತೊಳೆತಕ್ಕೆ ಬಚ್ಚಲು ಸೇರಿತು. ಆ ತುಂಡುಗಳನ್ನು ಕೌದಿಯ ಗಂಟಿಗೆ ಸೇರಿಸಿದೆ. ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಇಂಥ ತುಂಡುಗಳಿಂದಲೇ ಎಂಥ ಚಂದದ ಕೌದಿ ಹೊಲಿಯುತ್ತಾರೆ, ನೋಡಬೇಕು.

ರಾತ್ರಿ ಸಾಗರದ ತಂಗಿಗೆ ಫೋನು ಮಾಡಿದೆ. ಅವಳು ನಕ್ಕಳು. ‘ಅಕ್ಕಾ, ಹತ್ತಿ ಬಟ್ಟೆಗೆ ಬಣ್ಣ ಹಾಕುವುದೆಂದರೆ ತಳೆ ಇಲ್ಲದೆ ಅಡಿಕೆ ಮರ ಹತ್ತಿದ ಹಾಗೆ. ಜಾರಿ ಕೆಳಗೆ ಬರ್ತದೆ.’

ಪೇಟೆಯ ಮಕ್ಕಳಿಗೆ ತಳೆ ಗೊತ್ತಿರಲಿಕ್ಕಿಲ್ಲ. ಕೊನೆ ಕೊಯ್ಯುವವರು ನುಣುಪಾದ ಅಡಿಕೆ ಮರ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ಬಳೆಯಂಥ ಹಗ್ಗ ಅದು. ರೇಷ್ಮೆ, ಉಣ್ಣೆ ಪ್ರಾಣಿಗಳಿಂದ ಬಂದವು. ಗಿಡದ ಬಣ್ಣ ಅವಕ್ಕೆ ಸುಲಭವಾಗಿ ಹಿಡಿಯುತ್ತದೆ. ಹತ್ತಿಗೆ ಹಾಗಲ್ಲ, ಬಣ್ಣಕ್ಕೂ ನೂಲಿಗೂ ನಡುವೆ ಹಿಡಿತ ಕೊಡುವ ಇನ್ನೊಂದು ವಸ್ತು ಬೇಕು. ಪುಸ್ತಕದಲ್ಲಿ ಅದಕ್ಕೆ ವರ್ಣಬಂಧಕ ಎನ್ನುತ್ತಾರೆ. ಇಂಗ್ಲಿಷಿನವರು ಕರೆಯುವ ‘ಮಾರ್ಡೆಂಟ್’ ಎಂಬ ಹೆಸರು ‘ಕಚ್ಚು’ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದಂತೆ. ಬಣ್ಣ ಬಟ್ಟೆಯನ್ನು ಕಚ್ಚಿ ಹಿಡಿಯಬೇಕಲ್ಲ.

‘ಯಾವುದು ಕಚ್ಚಿಸ್ತದೆ?’

‘ಯಾವುದು ಒಗರೋ ಅದು. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ನಿಮ್ಮ ಮನೆಯ ಚೊಗರು. ನಾಲಿಗೆಯನ್ನು ಹಿಡಿಯುವಂಥದ್ದು ನೂಲನ್ನೂ ಹಿಡಿಯುತ್ತದೆ.’

ಈ ಮಾತು ನನಗೆ ಬಹಳ ಹಿಡಿಸಿತು. ಎಳೆ ಗೇರುಹಣ್ಣು ಕಚ್ಚಿದಾಗ ನಾಲಿಗೆ ಎಳೆದುಕೊಳ್ಳುತ್ತದಲ್ಲ, ಅದಕ್ಕೆ ಟ್ಯಾನಿನ್ ಎಂಬ ವಸ್ತು ಕಾರಣ. ಹತ್ತಿಯ ನೂಲಿಗೂ ಅದೇ ಅಂಟುತ್ತದೆ. ಅದರ ಮೇಲೆ ಪಟಿಕ ಕೊಟ್ಟರೆ ಅದರೊಳಗಿನ ಅಲ್ಯೂಮಿನಿಯಂ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. (ಮಕ್ಕಳೇ, ಇದನ್ನು ಓದಿ ಕಂಡ ಕಂಡ ಕಾಯಿಯನ್ನೆಲ್ಲ ನೆಕ್ಕಿ ನೋಡಬೇಡಿ.)

ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ಮಂದ ರಸವೇ ಚೊಗರು. ಮುಂದಿನ ವರ್ಷದ ಅಡಿಕೆಗೆಂದು ಅದನ್ನು ಕಾಪಿಟ್ಟುಕೊಳ್ಳುತ್ತೇವೆ. ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲವೆಂದು ಇಷ್ಟು ವರ್ಷ ಬೈದದ್ದೇ ಬಂತು. ತಂಗಿಯ ಊರಿಗೆ ಹತ್ತಿರವೇ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರು ಹಳ್ಳಿಯ ಹೆಣ್ಣುಮಕ್ಕಳೊಂದಿಗೆ ಕಟ್ಟಿದ ‘ಚರಕ’ ಸಂಘವಿದೆ. ಅವರು ಕೈಮಗ್ಗದ ಹತ್ತಿ ಬಟ್ಟೆಗೆ ಇದೇ ಚೊಗರಿನ ಬಣ್ಣ ಹಾಕುತ್ತಾರೆ. ತಂಗಿಯ ಸೀರೆ ನೋಡಿದ್ದೆ, ಅದು ನಮ್ಮ ಅಂಗಳದ ಕಲೆಯ ಬಣ್ಣವೆಂದು ಮಾತ್ರ ಹೊಳೆದಿರಲಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿ ಉಳಿದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ಅದಕ್ಕಿದ್ದದ್ದು ಮಂಜಿಷ್ಠದ ಜಾತಿಯ ಬೇರಿನ ಕೆಂಪು. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಯಾರೋ ಅಜ್ಜಿ ಬಣ್ಣ ಕಚ್ಚಿಸುವುದನ್ನು ಕಲಿತಿದ್ದಳು. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋದ. ಔಷಧ ಆಗಲಿಲ್ಲ, ಡಾಂಬರಿನಿಂದ ನೇರಳೆ ಬಣ್ಣ ಬಂತು. ಅಲ್ಲಿಂದ ಪುಡಿ ಬಣ್ಣಗಳ ಕಾಲ ಶುರುವಾಗಿ ಎಲೆ, ಬೇರು, ತೊಗಟೆಗಳು ಹಿಂದೆ ಬಿದ್ದವು.

ಮೊಮ್ಮಗಳ ಕಾಟ ತಡೆಯಲಾರದೆ ಕೊನೆಗೆ ಒಂದು ಪಂಚೆ ತೆಗೆದೆ. ತಕ್ಕಡಿಯಲ್ಲಿಟ್ಟರೆ 400 ಗ್ರಾಂ. ಮೊದಲು ಅಂಟುವಾಳದ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿದೆವು. ಬಿಳಿಯೆಂದುಕೊಂಡಿದ್ದ ಪಂಚೆಯಿಂದ ಚಹಾದಂಥ ನೀರು ಇಳಿಯಿತು. ಗಂಜಿ, ಎಣ್ಣೆಯ ಅಂಶ ಹೋಗದಿದ್ದರೆ ಬಣ್ಣ ಒಂದು ಕಡೆ ಹಿಡಿದು ಒಂದು ಕಡೆ ಬಿಡುತ್ತದೆ. ಆಮೇಲೆ ಹಳಿಯಾಳದ ಗ್ರಂಥಿಗೆ ಅಂಗಡಿಯಿಂದ ತರಿಸಿದ್ದ ಒಣ ಅಳಲೆಕಾಯಿಯ ಪುಡಿ, ಬಟ್ಟೆಯ ತೂಕದ ಐದನೆಯ ಒಂದು ಪಾಲು, ಅಂದರೆ 80 ಗ್ರಾಂ, ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿದೆವು. ಬೆಳಿಗ್ಗೆ ನೋಡಿದರೆ ಪಂಚೆಗೆ ಬೆಣ್ಣೆಯಂಥ ತಿಳಿ ಹಳದಿ. ತೊಳೆಯದೆ ಹಿಂಡಿ, ಹಾಗೇ ಒಣಗಿಸಬೇಕು.

‘ಅಜ್ಜಿ, ಬಿದಿರಿನ ಗಳದ ಮೇಲೆ ಹಾಕುವಾ?’ ಎಂದು ಕೇಳಿದಳು. ಗಳದ ಮೇಲೆ ಹಪ್ಪಳದ ಬಟ್ಟೆ ಇತ್ತು. ‘ತಂತಿ ಮೇಲೆ ಹಾಕು, ಬೇಗ ಒಣಗ್ತದೆ’ ಎಂದವಳು ನಾನು.

ಮಧ್ಯಾಹ್ನ ತೆಗೆಯಲು ಹೋದರೆ ಪಂಚೆಯ ನಡುಮಧ್ಯೆ ಈ ತುದಿಯಿಂದ ಆ ತುದಿಗೆ ಕಾಡಿಗೆಯಲ್ಲಿ ಎಳೆದಂತೆ ಕಪ್ಪು ಗೆರೆ! ತಂತಿಗೆ ತುಕ್ಕು ಹಿಡಿದಿತ್ತು. ಅಳಲೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಳೆಯ ಕಾಲದಲ್ಲಿ ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಮ್ಮ ಮಾವ ಬರೆದಿಟ್ಟ ಲೆಕ್ಕದ ಪುಸ್ತಕದ ಅಕ್ಷರ ಈಗಲೂ ಕಪ್ಪಗಿದೆ. ಗೊತ್ತಿದ್ದ ವಿಷಯವೇ, ಹೊತ್ತಿಗೆ ನೆನಪಾಗಲಿಲ್ಲ.

ಲಿಂಬೆರಸ ತಿಕ್ಕಿದೆ. ತೆಳುವಾಯಿತೇ ಹೊರತು ಹೋಗಲಿಲ್ಲ. ನಾನು ಜಗುಲಿಯ ಮೇಲೆ ಪಂಚೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಒಂದು ಬಟ್ಟೆಗೆ ಇಷ್ಟು ಅಳಬೇಕೇ ಎಂದು ಯಾರಾದರೂ ಕೇಳಬಹುದು. ಅತ್ತೆ. ಮಗ ಪೇಟೆಯಿಂದ ಬಂದವನು ನೋಡಿ, ‘ಅಮ್ಮ ಅಳಲೆಕಾಯಿ ಪಂಡಿತೆಯಾದಳು’ ಎಂದು ತಮಾಷೆ ಮಾಡಿದ. ಯಾರೂ ನಗದಿದ್ದುದು ಕಂಡು ಚಹಾ ಕುಡಿಯಲು ಒಳಗೆ ಹೋದ.

ಮೊಮ್ಮಗಳು ಬಹಳ ಹೊತ್ತು ಆ ಗೆರೆ ನೋಡುತ್ತಿದ್ದಳು. ‘ಇದು ಕಾಳಿ ನದಿ ಆಗ್ಲಿ ಅಜ್ಜಿ’ ಅಂದಳು.

ಅವಳ ಅಜ್ಜ ಹುಟ್ಟಿದ್ದು ಹಳೇ ಸೂಪಾದಲ್ಲಿ. ಈಗ ಸೂಪಾ ಎಂದರೆ ಎಲ್ಲರೂ ಗಣೇಶಗುಡಿಯ ಅಣೆಕಟ್ಟನ್ನೇ ತೋರಿಸುತ್ತಾರೆ. 101 ಮೀಟರ್ ಎತ್ತರದ್ದು. ಅದರ ಹಿಂದಿನ ನೀರಿನಡಿ ಒಂದು ಪೇಟೆಯಿತ್ತು, ತಾಲ್ಲೂಕಿಗೆ ಹೆಸರು ಕೊಟ್ಟ ಊರು. ಕಾಳಿಗೆ ಪಾಂಢರಿ ನದಿ ಬಂದು ಸೇರುತ್ತಿದ್ದದ್ದು ಅಲ್ಲೇ. 1980ರ ದಶಕದಲ್ಲಿ ನೀರು ನಿಂತಿತು. ಬಹಳ ಮನೆಗಳವರು ರಾಮನಗರಕ್ಕೆ ಹೋದರು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ನಮ್ಮವರು ಗುಂದದ ಕಡೆ ಅವರ ಸೋದರಮಾವನ ತೋಟಕ್ಕೆ ಬಂದರು. ಮೊಮ್ಮಗಳು ಆ ಊರನ್ನು ಕಂಡವಳಲ್ಲ, ಅಜ್ಜನ ಬಾಯಲ್ಲಿ ಕೇಳಿದ್ದಳು ಅಷ್ಟೆ.

ಗೆರೆ ಬರೆಯಲು ಕಪ್ಪು ಬೇಕಲ್ಲ. ಹಳೆಯ ಮೊಳೆ, ಮುರಿದ ಕತ್ತಿಯ ತುಂಡು, ಒಂದು ಮುಷ್ಟಿ ಬೆಲ್ಲ ಮಡಕೆಗೆ ಹಾಕಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ದನದ ಕೊಟ್ಟಿಗೆಯಲ್ಲಿಟ್ಟೆವು. ಎರಡು ವಾರದಲ್ಲಿ ಹುಳಿತು ನೊರೆ ಬಂತು. ಆಂಧ್ರದ ಶ್ರೀಕಾಳಹಸ್ತಿಯ ಕಲಮಕಾರಿಯವರು ಬಿದಿರಿನ ಲೇಖನಿಯಿಂದ ಕಪ್ಪು ಗೆರೆ ಎಳೆಯುವುದು ಇದೇ ಬೆಲ್ಲ–ಕಬ್ಬಿಣದ ನೀರಿನಿಂದ. ಅವರು ಬಟ್ಟೆಯನ್ನು ಅಳಲೆಯ ಜೊತೆ ಎಮ್ಮೆ ಹಾಲಿನಲ್ಲೂ ನೆನೆಸುತ್ತಾರೆ, ಆಗ ಗೆರೆ ಹರಡುವುದಿಲ್ಲ. ನಾವು ಹಾಲು ಹಾಕಿರಲಿಲ್ಲ. ಅವಳು ಬಿದಿರು ಕಡ್ಡಿಯಿಂದ ಪಾಂಢರಿ ನದಿ ಎಳೆದಾಗ ಅದು ಮಳೆಗಾಲದ ಹೊಳೆಯ ಹಾಗೆ ದಡ ಮೀರಿತು.

‘ಅಜ್ಜನ ಮನೆ ಎಲ್ಲಿ?’ ಎಂದು ಕೇಳಿದಳು. ಮದುವೆಯಾಗಿ ನಾನು ಆ ಮನೆಯಲ್ಲಿದ್ದದ್ದು ನಾಲ್ಕೇ ವರ್ಷ. ಎರಡು ಹೊಳೆ ಕೂಡುವಲ್ಲಿಂದ ಈಚೆಗೆ ಬೆರಳಿಟ್ಟು ತೋರಿಸಿದೆ. ಅಲ್ಲೊಂದು ಮಾಡು, ಎರಡು ತೆಂಗಿನ ಮರ ಬರೆದಳು. ‘ಮರ ಮೂರು ಇತ್ತು ಕೂಸೆ’ ಅಂದೆ. ಇನ್ನೊಂದು ಬರೆದಳು.

ಮುಂದಿನದು ಸುಲಭ. ಗೆರೆ ಒಣಗಿದ ಮೇಲೆ ಜಾಲಿಸಿ, 50 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ. ತಾಮ್ರ, ಕ್ರೋಮಿಯಂ ಲವಣಗಳಿಂದಲೂ ಬಣ್ಣ ಕಚ್ಚಿಸಬಹುದಂತೆ. ನಮ್ಮ ಬಚ್ಚಲ ನೀರು ತೋಟಕ್ಕೆ, ತೋಟದ್ದು ಹಳ್ಳಕ್ಕೆ, ಹಳ್ಳದ್ದು ಕಾಳಿಗೆ. ಕ್ರೋಮಿಯಂ ಯಾಕೆ ಬೇಕು? ಪಟಿಕವಾದರೆ ಕೆಸರು ನೀರು ತಿಳಿಯಾಗಲೆಂದು ನಮ್ಮಮ್ಮ ಕೊಡದಲ್ಲಿ ಆಡಿಸುತ್ತಿದ್ದ ಕಲ್ಲು. ಇಂಡೋನೇಷ್ಯಾದ ಕೆಲವು ದ್ವೀಪಗಳ ನೇಕಾರರು ನಮ್ಮ ಲೋಧ್ರದ ಜಾತಿಯ ಮರದ, ಹಳದಿಯಾಗಿ ಉದುರಿದ ಎಲೆಯನ್ನೇ ಪಟಿಕದ ಬದಲಿಗೆ ಬಳಸುತ್ತಾರೆ. ಆ ಮರ ಮಣ್ಣಿನಿಂದ ಅಲ್ಯೂಮಿನಿಯಂ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಮರ ಕಡಿಯಬೇಕಿಲ್ಲ, ತೊಗಟೆ ಸುಲಿಯಬೇಕಿಲ್ಲ.

ಕೊನೆಗೆ ಬಟ್ಟೆಯ ಎರಡರಷ್ಟು ತೂಕದ ಸಾಗವಾನಿ ಚಿಗುರು, ಎಲ್ಲ ನಮ್ಮ ಹಿತ್ತಿಲಿನದೇ, ಜಜ್ಜಿ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಸೋಸಿ, ಒಂದು ಸೌಟು ಚೊಗರು ಸೇರಿಸಿ ಪಂಚೆ ಮುಳುಗಿಸಿದೆವು. ಕೊತಕೊತ ಕುದಿಸಬಾರದು, ಮುಕ್ಕಾಲು ತಾಸು ಆಗಾಗ ಮಗುಚುತ್ತ ಬಿಸಿಯಲ್ಲಿರಬೇಕು. ಒಲೆಯ ಹತ್ತಿರ ನಾನಿದ್ದೆ, ಅವಳು ಕೋಲು ಹಿಡಿದಿದ್ದಳು. ಆ ಪಾತ್ರೆ ಈಗ ಅಡುಗೆಗಿಲ್ಲ, ಸೊಸೆಗೆ ಅದೊಂದು ಸಿಟ್ಟು.

ಎಳೆ ಎಲೆಯಿಂದ ಅಂಗೈಗೆ ಬಂದ ರಕ್ತಗೆಂಪು ಬರಲಿಲ್ಲ. ಒಣಗಿದ ಮೇಲೆ ಹಳೆಯ ಹಂಚಿನ ಬಣ್ಣ, ಅದರೊಳಗೆ ಎರಡು ಕಪ್ಪು ನದಿಗಳು. ಸಾಬೂನು ಹಾಕಿ ಮೂರು ಸಲ ತೊಳೆದೆ. ಮೊದಲ ಸಲ ನೀರು ಕೆಂಪಾಯಿತು, ಎರಡನೆಯ ಸಲ ಸ್ವಲ್ಪ, ಮೂರನೆಯ ಸಲ ತಿಳಿನೀರು.

ಅದು ಈಗ ಧಾರವಾಡದಲ್ಲಿದೆ. ಕಬ್ಬಿಣದ ಕಪ್ಪು ವರ್ಷಗಳು ಕಳೆದಂತೆ ಹತ್ತಿಯ ನೂಲನ್ನು ತಿನ್ನುತ್ತದೆ, ನದಿ ಇರುವಲ್ಲೇ ಮೊದಲು ಹರಿಯುತ್ತದೆ ಎಂದು ತಂಗಿ ಹೇಳಿದಳು. ಮೊಮ್ಮಗಳಿಗೆ ಅದನ್ನು ಹೇಳಿದೆ. ‘ಹರಿದರೆ ಹಿಂದಿನಿಂದ ತೇಪೆ ಹಾಕಿಕೊಡು’ ಅಂದಳು.

ಎರಡನೆಯ ಪಂಚೆ ಪೆಟ್ಟಿಗೆಯಲ್ಲಿ ಬಿಳಿಯಾಗಿಯೇ ಇದೆ. ಜಗುಲಿಯ ತಂತಿ ತೆಗೆಸಿ ಬಿದಿರಿನ ಗಳ ಕಟ್ಟಿಸಿದ್ದೇನೆ.