ಭಾವನವರ ಗಣಕಯಂತ್ರ

ನಮ್ಮ ಭಾವನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ನೀರು ಕುಡಿದವರು. ಪ್ರತಿಯೊಂದು ವರ್ಗಾವಣೆಯಲ್ಲಿಯೂ ಅವರೊಡನೆ ಸಾಗಿದ್ದು ಎರಡು ಟ್ರಂಕು, ಒಂದು ಸೈಕಲ್ಲು ಮತ್ತು ಬೀಸುವ ಪದಗಳನ್ನು ಬರೆದುಕೊಂಡ ನೋಟುಪುಸ್ತಕಗಳ ಒಂದು ಗಂಟು. ಈ ಹುಚ್ಚು ಆ ಸೀಮೆಗೆ ಹೊಸದೇನೂ ಅಲ್ಲ. ಇಂಡಿಯ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೂಡಿಸಿದ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪುಸ್ತಕವಾದದ್ದನ್ನು ವಾಚಕರು ಬಲ್ಲರು. ಭಾವನವರು ತಮ್ಮನ್ನು ಆ ಸಾಲಿಗೆ ಸೇರಿಸಿಕೊಂಡವರಲ್ಲ. ಆದರೆ ಆ ಪುಸ್ತಕವನ್ನು ದೇವರ ಮಾಡದಲ್ಲಿ ಇಟ್ಟವರು.

ನಿವೃತ್ತರಾದ ಮೇಲೆ ಇಂಡಿಯಲ್ಲಿ ಮನೆ ಮಾಡಿ, 2012ರಲ್ಲಿ ಒಂದು ಗಣಕಯಂತ್ರವನ್ನು ಕೊಂಡು, ಒಂದೇ ಬೆರಳಿನಿಂದ ಆ ಹಾಡುಗಳನ್ನೆಲ್ಲ 'ನುಡಿ'ಯಲ್ಲಿ ಟೈಪು ಮಾಡತೊಡಗಿದರು. ನಾನೂರಕ್ಕಿಂತ ಹೆಚ್ಚು ಹಾಡುಗಳು. ಆ ಹೊತ್ತಿಗೆ ನೋಟುಪುಸ್ತಕಗಳ ಅರ್ಧ ಭಾಗ ಗೆದ್ದಲಿನ ಪಾಲಾಗಿತ್ತು. ಆದುದರಿಂದ 2024ರ ಬೇಸಿಗೆಯಲ್ಲಿ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುತ್ತಿದ್ದ ವಾರದಲ್ಲಿ, ಆ ಯಂತ್ರವು ಕೆಟ್ಟಿತೆಂದರೆ ಮನೆಯಲ್ಲಿ ಎಂಥ ಮೌನ ಕವಿದಿರಬೇಕೆಂಬುದನ್ನು ಊಹಿಸಬಹುದು. ಯಂತ್ರವು ಚಾಲೂ ಆಗುತ್ತಿತ್ತು. ಆದರೆ ಕಡತಗಳ ಕಿಟಕಿಯನ್ನು ತೆರೆದೊಡನೆ ಅದು ತಾನೇ ಮುಚ್ಚಿಕೊಳ್ಳುತ್ತಿತ್ತು.

ನಾನು ವಿಜಯಪುರದಿಂದ ಬಂದಿಳಿದಾಗ ಸೊಸೆ ಬಾಗಿಲಲ್ಲಿಯೇ ವರದಿ ಒಪ್ಪಿಸಿದಳು.

"ಮಾಮಾ, ರಿಪೇರಿಯವರು ಅರ್ಧಾ ತಾಸಿನಾಗ ಹೊಸಾ ವಿಂಡೋಸ್ ಹಾಕಿಕೊಡ್ತೀನಿ ಅಂದಾರ. ಡಿಸ್ಕ್ ಪೂರಾ ಸಾಫ್ ಮಾಡಬೇಕಂತ."

"ಸಾಫ್ ಅಂದ್ರ ಏನವಾ? ನನ್ನ ಹಾಡೂ ಸಾಫೇ ಏನು?" ಎಂದರು ಭಾವನವರು ಒಳಗಿನಿಂದ.

ಪ್ರಶ್ನೆ ಸರಿಯಾದದ್ದೇ. ವೈದ್ಯರಲ್ಲಿ ಕೆಲವರು ಯಾವ ಬೇನೆಗೂ ಶಸ್ತ್ರವನ್ನೇ ಹಿಡಿಯುವಂತೆ, ಗಣಕದ ವೈದ್ಯರಲ್ಲಿ ಬಹುಮಂದಿ ಯಾವ ತೊಂದರೆಗೂ 'ಫಾರ್ಮ್ಯಾಟ್' ಎನ್ನುತ್ತಾರೆ. ಆದರೆ ವಿಂಡೋಸಿನೊಳಗೆ ತನ್ನ ಕಡತಗಳನ್ನು ತಾನೇ ತಿದ್ದಿಕೊಳ್ಳುವ ಒಂದು ಉಪಾಯವುಂಟು. ಕಪ್ಪು ಪರದೆಯನ್ನು ತೆರೆದು 'ಎಸ್‌ಎಫ್‌ಸಿ' ಎಂಬ ಆಜ್ಞೆ ಕೊಟ್ಟರೆ, ಅದು ಸಾವಿರಾರು ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದರ ಜಾಗದಲ್ಲಿ ತನ್ನ ಉಗ್ರಾಣದೊಳಗಿನ ಒಳ್ಳೆಯ ಪ್ರತಿಯನ್ನು ಇಡುತ್ತದೆ. ವಿಜಾಪುರದಲ್ಲಿದ್ದು ವಚನಗಳ ಓಲೆಗರಿಗಳನ್ನು ಕೂಡಿಸಿ, ಶೋಧಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದ ಫ. ಗು. ಹಳಕಟ್ಟಿಯವರ ಹೆಸರನ್ನು ಹೇಳಿ ನಾನು ಇದನ್ನು ವಿವರಿಸಲು, ಭಾವನವರ ಮುಖ ಅರಳಿತು. "ಅಂದ್ರ ಪಾಠಾಂತರ ನೋಡೂದು!" ಎಂದರು.

ಒಂದು ಭೇದ ಮಾತ್ರ ಉಂಟು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆ ಉಗ್ರಾಣದಲ್ಲಿರುವುದು ವಿಂಡೋಸಿನ ಕಡತಗಳ ಮೂಲಪ್ರತಿ; ನಮ್ಮ ಬರವಣಿಗೆಯದಲ್ಲ. ಕಂಪನಿಯ ಕಡತ ಕೆಟ್ಟರೆ ಅಮೇರಿಕೆಯಿಂದಲಾದರೂ ಇಳಿದು ಬಂದೀತು, ಮುದ್ದೇಬಿಹಾಳದ ಅಜ್ಜಿಯ ಹಾಡು ಎಲ್ಲಿಂದ ಇಳಿಯಬೇಕು? ಮುಪ್ಪಾದ ಡಿಸ್ಕನ್ನು ಗಂಟೆಗಟ್ಟಲೆ ತಿರುಗಿಸಿ ಪರೀಕ್ಷಿಸುವಾಗಲೇ ಅದು ಕೊನೆಯುಸಿರೆಳೆಯುವುದೂ ಉಂಟು. ಆದುದರಿಂದ ಮೊದಲು ಡಿಸ್ಕನ್ನು ಬಿಚ್ಚಿ, ಒಂದು ಕೇಬಲ್ಲಿನ ಮೂಲಕ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಹಾಡುಗಳನ್ನು ನಕಲು ಮಾಡಿಕೊಂಡೆವು. ಡಿಸ್ಕು ನಡುನಡುವೆ ಟಕ್ ಟಕ್ ಎಂದು ನಿಲ್ಲುತ್ತಿತ್ತು. ಆಗೆಲ್ಲ ಅಕ್ಕ ಅಡಿಗೆಮನೆಯಿಂದ ಬಂದು ನಿಂತು ನೋಡಿ ಹೋಗುತ್ತಿದ್ದಳು. ಒಂದು ಕಡತದ ಹೊರತು ಉಳಿದವೆಲ್ಲ ಬಂದವು. ಓದಲಾಗದ ಆ ಒಂದರಲ್ಲಿ ಮುದ್ದೇಬಿಹಾಳ ಕಡೆಯ ಹನ್ನೊಂದು ಹಾಡುಗಳಿದ್ದವು. ಅವನ್ನು ಬರೆದಿಟ್ಟ ನೋಟುಪುಸ್ತಕವೂ ಗೆದ್ದಲು ತಿಂದವುಗಳಲ್ಲೊಂದು.

ಬಂದ ಕಡತಗಳನ್ನು ತೆರೆದಾಗ ಇನ್ನೊಂದು ಗಾಬರಿ. ಪರದೆಯ ತುಂಬ ಇಂಗ್ಲಿಷೂ ಅಲ್ಲದ, ಕನ್ನಡವೂ ಅಲ್ಲದ, ತಲೆಯ ಮೇಲೆ ಚುಕ್ಕೆ ಗೀರುಗಳನ್ನು ಹೊತ್ತ ಅಕ್ಷರಗಳು! ಭಾವನವರು ಕನ್ನಡಕವನ್ನು ತೆಗೆದು ಒರಸಿ ಮತ್ತೆ ಹಾಕಿಕೊಂಡರು. ಇದು ಕೇಡಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯ ಹಳೆಯ ಅಕ್ಷರಮಾದರಿಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ್ದವು. ಆ ಮಾದರಿ ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಒಡೆಯನೇ ಹೊರಗೆ ಬಂದು ನಿಲ್ಲುತ್ತಾನೆ. ಮಾದರಿಯನ್ನು ಹಾಕಿ, ಅನಂತರ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದೆವು. ಅಲ್ಲಲ್ಲಿ ಒತ್ತಕ್ಷರಗಳು ತಪ್ಪಿದ್ದವು. ತಿದ್ದುವ ಸುಖವನ್ನು ಭಾವನವರಿಗೇ ಬಿಟ್ಟೆ.

ಡಿಸ್ಕನ್ನು ಮರಳಿ ಕೂಡಿಸಿ ಎಸ್‌ಎಫ್‌ಸಿಯನ್ನು ನಡೆಸಿದೆವು. ಮುಕ್ಕಾಲು ತಾಸಿನ ಮೇಲೆ ಬಂದ ಉತ್ತರ: ಕೆಟ್ಟ ಕಡತಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ. ಎಂದರೆ ಉಗ್ರಾಣದ ಪ್ರತಿಯೂ ಕೆಟ್ಟಿದೆಯೆಂದು ಅರ್ಥ. ಎಕ್ಸ್‌ಪಿಯ ಕಾಲದಲ್ಲಾದರೆ ಯಂತ್ರವು ಸಿ.ಡಿ.ಯನ್ನು ಬೇಡುತ್ತಿತ್ತು. ವಿಂಡೋಸ್ 10ರಲ್ಲಿ 'ಡಿಸ್ಮ್' ಎಂಬ ಇನ್ನೊಂದು ಆಜ್ಞೆಯು ಅಂತರ್ಜಾಲದಿಂದ ಒಳ್ಳೆಯ ಪ್ರತಿಯನ್ನು ತಂದು ಮೊದಲು ಉಗ್ರಾಣವನ್ನು ಸರಿಪಡಿಸುತ್ತದೆ. ಆದರೆ ಅದೂ ಎರಡು ಸಲ ಸೋತಿತು.

ಕಾರಣ ಸಿಕ್ಕಿದ್ದು ಸೊಸೆಗೆ. "ಮಾಮಾ, ಇದರಾಗ ಇನ್ನೂ 2012 ನಡದೈತಿ" ಎಂದು ಮೂಲೆಯ ಗಡಿಯಾರವನ್ನು ತೋರಿಸಿದಳು. ಕರೆಂಟು ಹೋದಾಗಲೂ ವೇಳೆಯನ್ನು ಕಾಯುವ ಬಿಲ್ಲೆಯಂಥ ಸೆಲ್ಲು ಸತ್ತು, ಯಂತ್ರವು ಹುಟ್ಟಿದ ವರ್ಷಕ್ಕೇ ಹಿಂದಿರುಗಿತ್ತು. ಸುರಕ್ಷಿತ ಸಂಪರ್ಕಕ್ಕೆ ಎರಡೂ ಕಡೆಯ ದಿನಾಂಕ ತಾಳೆಯಾಗಬೇಕು. ಇಂದಿನ ಪ್ರಮಾಣಪತ್ರವನ್ನು 2012ರ ಯಂತ್ರ ಹೇಗೆ ನಂಬೀತು? ಮೂರು ವೋಲ್ಟಿನ ಆ ಸೆಲ್ಲು ಪೇಟೆಯ ಅಂಗಡಿಯಲ್ಲಿ ಚಹಾದ ಖರ್ಚಿಗಿಂತ ತುಸು ಹೆಚ್ಚಿಗೆ ದೊರೆಯಿತು. ಅದನ್ನು ಹಾಕಿ ದಿನಾಂಕ ತಿದ್ದಿದ ಮೇಲೆ ಡಿಸ್ಮ್ ಗೆದ್ದಿತು, ಬೆನ್ನಿಗೆ ಎಸ್‌ಎಫ್‌ಸಿಯೂ ಗೆದ್ದಿತು. ಕಿಟಕಿ ತೆರೆದು ತೆರೆದಂತೆಯೇ ನಿಂತಿತು.

ಡಿಸ್ಕಿನ ಆಯುಷ್ಯ ಬಹಳವಿಲ್ಲವೆಂದು ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಹಾಡುಗಳ ಪ್ರತಿ ಈಗ ಅಕ್ಕನ ಪೆನ್‌ಡ್ರೈವಿನಲ್ಲೊಂದು, ನನ್ನಲ್ಲೊಂದು ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಂದಿನಿಂದ ಆ ಯಂತ್ರವು ಅಂತರ್ಜಾಲದ ಸಂಗವನ್ನು ಬಿಟ್ಟು ಕೇವಲ ಬರವಣಿಗೆಗೆ ಮೀಸಲಾಗಿದೆ.

ಸಿಗದ ಆ ಹನ್ನೊಂದು ಹಾಡುಗಳನ್ನು ಹಾಡಿದ ಅಜ್ಜಿ ಆಗ ಇನ್ನೂ ಇದ್ದರು. ಭಾವನವರು ಮರುವಾರವೇ ಮಗಳನ್ನೂ ಅವಳ ಮೊಬೈಲನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಅಜ್ಜಿಗೆ ಏಳು ಹಾಡುಗಳು ನೆನಪಿದ್ದವು. ಅವುಗಳಲ್ಲಿ ಎರಡನ್ನು ಮೊದಲಿನಂತೆ ಹಾಡಲಿಲ್ಲವೆಂದೂ, ಈಗ ಹಾಡಿದ್ದೇ ಹೆಚ್ಚು ಚೆಂದವೆಂದೂ ಭಾವನವರು ಮರಳಿ ಬಂದು ನನಗೆ ಫೋನಿನಲ್ಲಿ ತಿಳಿಸಿದರು.