ಈರುಳ್ಳಿಗೂ ಅಳದ ಅಮ್ಮ

ನಮ್ಮಮ್ಮ ಈರುಳ್ಳಿ ಹೆಚ್ಚೋದನ್ನ ನೀವು ನೋಡಬೇಕಿತ್ತು. ಒಂದು ಕೆಜಿ ಹೆಚ್ಚಿದರೂ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೆಂಟರು ಬಂದಾಗೆಲ್ಲ ಆ ಕೆಲಸ ಅಮ್ಮನದ್ದೇ. ಅದೊಂದು ಪ್ರತಿಭೆ ಅಂತಲೇ ನಾವೆಲ್ಲ ಅಂದುಕೊಂಡಿದ್ವಿ!

ಅಜ್ಜಿ ತೀರಿಕೊಂಡ ದಿನವೂ ಅಮ್ಮ ಅಳಲಿಲ್ಲ. ಸ್ವಂತ ತಾಯಿ. ಕೆಂಪಾದ ಕಣ್ಣನ್ನು ಸೆರಗಿನಿಂದ ಉಜ್ಜಿಕೊಳ್ಳುತ್ತಾ ಗೋಡೆಗೊರಗಿ ಕೂತಿದ್ದಳು. "ಎಂಥಾ ಕಲ್ಲು ಮನಸ್ಸೋ..." ಅಂತ ದೊಡ್ಡತ್ತೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ನಾನು ತಿರುಗಿ ಮಾತಾಡಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಒಂದೊಂದೇ ಶುರುವಾಯ್ತು. ಅಮ್ಮ ಚಕ್ಕುಲಿ ಬಿಟ್ಟಳು, ಒಣ ಅವಲಕ್ಕಿ ಬಿಟ್ಟಳು. ತುತ್ತಿಗೊಂದು ಗುಟುಕು ನೀರು ಬೇಕು. ಕಣ್ಣಿಗೆ ಮರಳು ಬಿದ್ದ ಹಾಗಾಗುತ್ತೆ ಅಂದಿದ್ದಕ್ಕೆ ಒಬ್ಬ ಡಾಕ್ಟರು "ವಯಸ್ಸಾಯ್ತಲ್ಲಮ್ಮಾ" ಅಂತ ಡ್ರಾಪ್ಸ್ ಕೊಟ್ಟರು. ಬಾಯಿ ಒಣಗುತ್ತೆ ಅಂದಿದ್ದಕ್ಕೆ ಇನ್ನೊಬ್ಬರು ಶುಗರ್ ಪರೀಕ್ಷೆ ಮಾಡಿಸಿದರು, ನಾರ್ಮಲ್. ಬೆರಳಿನ ಗಂಟು ನೋವಿಗೆ ಮತ್ತೊಬ್ಬರು. ಮೂರೂ ಒಂದೇ ಕಾಯಿಲೆ ಅಂತ ಯಾರಿಗೂ ಹೊಳೀಲಿಲ್ಲ.

ಹೊಳೆದಿದ್ದು ಹಲ್ಲಿನ ಡಾಕ್ಟರಿಗೆ! ಒಂದೇ ವರ್ಷದಲ್ಲಿ ನಾಲ್ಕು ಹಲ್ಲು ಒಸಡಿನ ಪಕ್ಕದಲ್ಲೇ ಹುಳುಕಾಗಿದ್ದು ನೋಡಿ, "ಅಮ್ಮಾ, ಕಣ್ಣೂ ಒಣಗುತ್ತಾ?" ಅಂತ ಕೇಳಿ ಸಂಧಿವಾತ ತಜ್ಞರ ಹತ್ತಿರ ಕಳಿಸಿದರು.

ಕಣ್ಣಿನ ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಾಯುವ ಪರೀಕ್ಷೆ ಒಂದಿದೆ, ಶಿರ್ಮರ್ ಟೆಸ್ಟ್ ಅಂತ. 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ಸಾಲದು ಅಂತ ಅರ್ಥ. ಅಮ್ಮನದು 2. ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯವೂ ಸಿಕ್ಕಿತು. 2016ರ ಮಾನದಂಡದಲ್ಲಿ ಆಂಟಿ-ರೋಗೆ 3 ಅಂಕ, ಕಾಗದದ ಪಟ್ಟಿಗೆ 1. ನಾಲ್ಕಾದರೆ ಸಾಕು. ಹಾಗಾಗಿ ತುಟಿಯ ಒಳಗಿಂದ ಚೂರು ತೆಗೆದು ನೋಡುವ ಬಯಾಪ್ಸಿ ತಪ್ಪಿತು.

ಕಾಯಿಲೆಯ ಹೆಸರು ಶೋಗ್ರೆನ್ ಸಿಂಡ್ರೋಮ್. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರಂತೆ. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮದೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳೋದು. ಹೆಚ್ಚಾಗಿ ಹೆಂಗಸರಿಗೇ ಬರೋದು. ಪೂರ್ತಿ ವಾಸಿಯಾಗಲ್ಲ, ಹತೋಟಿಯಲ್ಲಿಡಬಹುದು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಅಳು ಬಂದ್ರೂ ಕಣ್ಣಲ್ಲಿ ನೀರು ಬರದೇ ಇರೋದು ಇದರಿಂದಾನಾ?" ಅವರು ಹೌದು ಅಂದರು.

ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ನೋಡ್ತಾ ಅಂದಳು, "ಅವತ್ತು ನಾನು ಅತ್ತಿದ್ದೆ ಕಣೋ. ನೀರು ಬರಲಿಲ್ಲ, ಅಷ್ಟೇ."

ನಾನು ಏನು ಹೇಳಲಿ?

ನಿಮ್ಮ ಮನೆಯಲ್ಲೂ ಯಾರಾದ್ರೂ ಕಣ್ಣೂ ಬಾಯೀ ಒಟ್ಟಿಗೇ ಒಣಗುತ್ತೆ ಅಂದರೆ "ವಯಸ್ಸಾಯ್ತು" ಅಂತ ಸುಮ್ಮನಾಗಬೇಡಿ, ದಯವಿಟ್ಟು.

ಅಂದಹಾಗೆ, ಈಗ ಮನೆಯಲ್ಲಿ ಈರುಳ್ಳಿ ಹೆಚ್ಚೋದು ನಾನೇ. ಕಣ್ಣಲ್ಲಿ ಧಾರಾಕಾರ...