ಬೆಳಕು ಹಾಯುವ ಬಣ್ಣ

ದೀಪಾವಳಿಗೆ ಇನ್ನೆರಡು ವಾರವಿರುವಾಗ, ಒಂದು ಶನಿವಾರ ನಾವು ಮನೆಮಂದಿಯೆಲ್ಲ ಮುಂಬಯಿಯ ಬಣ್ಣದ ಬೆಳಕನ್ನು ನೋಡಲು ಹೊರಟೆವು. ಗೂಡುದೀಪವನ್ನು ಈ ಸಲ ಕೈಯಿಂದಲೇ ಕಟ್ಟಬೇಕೆಂಬುದು ಮಕ್ಕಳ ಹಟ. ಕಟ್ಟುವ ಮೊದಲು ನೋಡಿ ಕಲಿಯುವುದು ಒಳ್ಳೆಯದಲ್ಲವೇ?

ಮೊದಲು ಹೋದದ್ದು ಕೊಲಾಬಾದ ಅಫಘಾನ್ ಚರ್ಚಿಗೆ. ಮೊದಲನೆಯ ಅಫಘಾನ್ ಯುದ್ಧದಲ್ಲಿ ಮಡಿದವರ ನೆನಪಿಗೆ ಕಟ್ಟಿದ ಈ ಇಗರ್ಜಿ 1858ರಲ್ಲಿ ಪ್ರತಿಷ್ಠೆಗೊಂಡಿತು. ಹೊರಗೆ ನಿಂತು ನೋಡಿದರೆ ಅದರ ಕಿಟಕಿಗಳು ಮಂಕು, ಕಪ್ಪು. ಒಳಹೊಕ್ಕು ತಲೆಯೆತ್ತಿದರೆ ಅವೇ ಗಾಜುಗಳು ಕೆಂಪಾಗಿ, ನೀಲಿಯಾಗಿ ಉರಿಯುತ್ತವೆ! ಗಾಜಿನ ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿಗಳಲ್ಲಿ ಬೆಳಕು ಹಾಯದು. ಆ ಕಪ್ಪೇ ಚಿತ್ರಕ್ಕೆ ಗೆರೆಯಾಗಿದೆ.

ಇದನ್ನು ಕಂಡಾಗ ನಮ್ಮ ನಾಡಿನ ತೊಗಲುಗೊಂಬೆ ನೆನಪಾಗದೆ ಇರಲಿಲ್ಲ. ಅಲ್ಲಿ ಗಾಜಿಲ್ಲ, ತೊಗಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುಮಾಡಿ, ಬಣ್ಣ ಹಚ್ಚಿ, ರಂಧ್ರ ಕೊರೆದು ಒಡವೆ ತೊಡಿಸುತ್ತಾರೆ. ಹಿಂದೆ ದೀಪವಿಟ್ಟಾಗಲೇ ರಾಮನಿಗೆ ಜೀವ. ಈ ಕಲೆಗೆ ಬಾಳನ್ನೇ ಮೀಸಲಿಟ್ಟ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು.

ಸಂಜೆಗೆ ಚರ್ಚ್‌ಗೇಟಿನಿಂದ ಲೋಕಲ್ ಗಾಡಿ ಹಿಡಿದು ಮಾಟುಂಗಾ ರೋಡಿನಲ್ಲಿಳಿದು, ಮಾಹಿಮಿನ ಕಂದೀಲ್ ಗಲ್ಲಿಗೆ ನಡೆದೆವು. ತಲೆಯ ಮೇಲೆಲ್ಲ ನಕ್ಷತ್ರ, ತಾವರೆ, ಗೋಪುರಗಳ ಸಾಲು. ಕರಾವಳಿಯವರ ಗೂಡುದೀಪ, ಉತ್ತರ ಕರ್ನಾಟಕದವರ ಆಕಾಶಬುಟ್ಟಿ, ಮರಾಠಿ ನೆರೆಯವರ ಆಕಾಶ ಕಂದೀಲ್—ಹೆಸರು ಮೂರಾದರೂ ತೂಗುವ ಬೆಳಕು ಒಂದೇ. ನಾವು ಕೊಂಡದ್ದು ಬಿದಿರಕಡ್ಡಿ ಮತ್ತು ಗಾಳಿಪಟದ ಕಾಗದ ಮಾತ್ರ.

ಮನೆಯಲ್ಲಿ ಅಜ್ಜಿಯೇ ಗುರು. "ಕಾಗದವನ್ನು ಹಾಗೇ ನೋಡಿ ಆರಿಸಬೇಡ ಮಗಾ, ಹಿಂದೆ ದೀಪ ಹಿಡಿದು ನೋಡು" ಎಂದರು. ಹಳದಿಯ ಮೇಲೆ ನೀಲಿಯನ್ನಿಟ್ಟಾಗ ಹಸುರು ಮೂಡಿತು. ಕೆಂಪಿನ ಮೇಲೆ ಹಸುರನ್ನಿಟ್ಟಾಗ ಕತ್ತಲೆಯೇ ಕವಿಯಿತು. ಕಾರಣ ಸರಳ: ಪ್ರತಿಯೊಂದು ಪದರವೂ ಬೆಳಕಿನಲ್ಲಿ ಒಂದು ಪಾಲನ್ನು ತಡೆಯುತ್ತದೆ. ಆದುದರಿಂದ ಪದರ ಹೆಚ್ಚಿದಷ್ಟೂ ಚೆಲುವು ಹೆಚ್ಚದು. ಎರಡೇ ಪದರ, ಅಂಚಿಗೆ ಕಪ್ಪು ಕಾಗದದ ಕತ್ತರಿಕೆ, ಒಳಗೆ ಹೆಚ್ಚು ಬಿಸಿಯಾಗದ ಸಣ್ಣ ಎಲ್‌ಇಡಿ ಬಲ್ಬು—ಇಷ್ಟು ಸಾಕು.

ಬಿದಿರನ್ನು ಮುರಿಯದಂತೆ ಬಗ್ಗಿಸುವ ಹದ ಈಗ ನಮ್ಮ ಮನೆಯಲ್ಲಿ ಬಲ್ಲವರು ಅಜ್ಜಿಯೊಬ್ಬರೇ. ಅದನ್ನು ಯಾವ ಅಂಗಡಿಯೂ ಮಾರದು. ಊರು ಬಿಟ್ಟು ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆಯೇ ಒಬ್ಬರ ಬೆರಳ ತುದಿಯಲ್ಲಿ ಒಂದು ವಿದ್ಯೆ ಉಳಿದಿರಬಹುದು. ಈ ದೀಪಾವಳಿಗೆ ಅವರ ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿರಿ. ಮೊದಲ ಗೂಡು ಸೊಟ್ಟಗಾದರೆ ಆಗಲಿ. ಬೆಳಕಿಗೆ ಸೊಟ್ಟು ನೆಟ್ಟಗೆಂಬ ಭೇದವಿಲ್ಲ.